ಮಾಂಟಿಯನ್ನು ಆ ಒಂದು ಹೊಡೆತದಿಂದ ಅಳೆಯಬೇಡಿ

ಮತ್ತೆ ಅದೇ ವಿಡಿಯೊ ಹರಿದಾಡುತ್ತಿದೆ. 2006ರ ಯುಎಸ್ ಓಪನ್, ವಿಂಗ್ಡ್ ಫುಟ್‌ನ 18ನೇ ಹೋಲ್ (ಕೊನೆಯದು), ಗಾಲ್ಫ್ ಆಟಗಾರ ಕಾಲಿನ್ ಮಾಂಟ್‌ಗೊಮರಿ, ಅಂದರೆ ನಮ್ಮ ಮಾಂಟಿ. ಕೆಳಗೆ ಅದೇ ಷರಾ: ‘ಒಂದೂ ಮೇಜರ್ (ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆಲ್ಲದವನು.’ ಗಾಲ್ಫ್ ಮಾತು ಬಂದರೆ ನಾನು ಬಾಯಿ ಮುಚ್ಚಿಕೊಂಡು ಕೂರುವ ಪೈಕಿ ಅಲ್ಲ ಅನ್ನೋದು ನಿಮಗೆ ಗೊತ್ತೇ ಇದೆ.

ಅವತ್ತು ಆಗಿದ್ದೇನು? ಡ್ರೈವ್, ಅಂದರೆ ಮೊದಲ ಹೊಡೆತ, ಹುಲ್ಲು ಕತ್ತರಿಸಿದ ಫೇರ್‌ವೇಯಲ್ಲೇ ಬಿದ್ದಿತ್ತು. ಉಳಿದದ್ದು 172 ಗಜ. ಜೊತೆಯಲ್ಲಿ ಆಡುತ್ತಿದ್ದ ವಿಜಯ್ ಸಿಂಗ್ ಅವರ ಚೆಂಡಿನ ಬಗ್ಗೆ ರೂಲಿಂಗ್ (ನಿಯಮದ ತೀರ್ಪು) ಆಗುವವರೆಗೆ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಮಾಂಟಿ 6ನೇ ಐರನ್ ಬಿಟ್ಟು, ತುಸು ಕಡಿಮೆ ದೂರ ಹೊಡೆಯುವ 7ನೇ ಐರನ್ ಹಿಡಿದ. ಒತ್ತಡದ ಗಳಿಗೆಯಲ್ಲಿ ಮೈಯಲ್ಲಿ ರಭಸ ಹೆಚ್ಚಿ ಚೆಂಡು ಮಾಮೂಲಿಗಿಂತ ದೂರ ಹೋಗುತ್ತದೆ, ಅದಕ್ಕೇ ಆಟಗಾರರು ಒಂದು ಕ್ಲಬ್ ಇಳಿಸುತ್ತಾರೆ. ಲೆಕ್ಕಾಚಾರ ತಪ್ಪಲ್ಲ, ಹೊಡೆತ ಕೂಡಿ ಬರಲಿಲ್ಲ. ಚೆಂಡು ಗುಳಿ ಇರುವ ನುಣುಪು ಹುಲ್ಲಿನ ಗ್ರೀನ್ ಮುಟ್ಟದೆ ಬಲಗಡೆಯ ದಟ್ಟ ಹುಲ್ಲಿನ ರಫ್‌ಗೆ ಬಿತ್ತು. ಅಂಥ ಹುಲ್ಲು ಕ್ಲಬ್ಬಿಗೂ ಚೆಂಡಿಗೂ ನಡುವೆ ಸಿಕ್ಕಿಕೊಂಡರೆ ಸ್ಪಿನ್ ಸಿಗುವುದಿಲ್ಲ, ಚೆಂಡು ನಿಲ್ಲದೆ ಓಡುತ್ತದೆ. ಓಡಿತು. ಆಮೇಲೆ ಗ್ರೀನ್ ಮೇಲೆ ಮೂರು ಪಟ್ (ಮೆಲ್ಲನೆ ಉರುಳಿಸುವ ಹೊಡೆತ), ಡಬಲ್ ಬೋಗಿ, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಕ್ಕಿಂತ ಎರಡು ಹೆಚ್ಚು. ಒಂದೇ ಹೊಡೆತದಿಂದ ಜೆಫ್ ಒಗಿಲ್ವಿ ಗೆದ್ದ. ಅದೇ ಹೋಲ್‌ನಲ್ಲಿ ಫಿಲ್ ಮಿಕೆಲ್ಸನ್ ಕೂಡ ಡಬಲ್ ಬೋಗಿ ಮಾಡಿದ. ಆದರೆ ಮಿಕೆಲ್ಸನ್‌ನ ಇಡೀ ಬದುಕನ್ನು ಯಾರೂ ಆ ಹೋಲ್‌ಗೆ ಕಟ್ಟಿಹಾಕುವುದಿಲ್ಲ.

ಮಾಂಟಿ 1993ರಿಂದ 1999ರವರೆಗೆ ಸತತ ಏಳು ವರ್ಷ ಯುರೋಪಿಯನ್ ಟೂರ್‌ನ ಆರ್ಡರ್ ಆಫ್ ಮೆರಿಟ್‌ನಲ್ಲಿ ಮೊದಲಿಗ. 2005ರಲ್ಲಿ, 42ನೇ ವಯಸ್ಸಿನಲ್ಲಿ, ಎಂಟನೇ ಸಲ. ಆ ಟೂರ್‌ನಲ್ಲಿ 31 ಪ್ರಶಸ್ತಿ. ಒಂದು ವಾರ ಕೈ ಕುದುರಿದರೆ ಮೇಜರ್ ದಕ್ಕಬಹುದು. ಆರ್ಡರ್ ಆಫ್ ಮೆರಿಟ್ ಹಾಗಲ್ಲ, ಅದು ಇಡೀ ಋತುವಿನ ಬಹುಮಾನದ ಗಳಿಕೆಯ ಲೆಕ್ಕ. ಅವಸರವಿಲ್ಲದ ಸ್ವಿಂಗ್, ಎಡದಿಂದ ಬಲಕ್ಕೆ ತುಸುವೇ ವಾಲುವ ಫೇಡ್, ವಾರದಿಂದ ವಾರಕ್ಕೆ ಅದೇ ಹೊಡೆತ.

ಇನ್ನು ರೈಡರ್ ಕಪ್, ಯುರೋಪ್ ಮತ್ತು ಅಮೆರಿಕ ತಂಡಗಳ ಹಣಾಹಣಿ. ಎಂಟು ಸಲ ಆಡಿ ಸಿಂಗಲ್ಸ್‌ನಲ್ಲಿ ಒಂದೂ ಸೋಲಿಲ್ಲ: ಆರು ಗೆಲುವು, ಎರಡು ಸಮ. ಅಲ್ಲಿ ಆಡುವುದು ಮ್ಯಾಚ್ ಪ್ಲೇ: ಗೆದ್ದ ಹೋಲ್‌ಗಳ ಲೆಕ್ಕ, ಪ್ರತಿ ಹೋಲ್ ಬೇರೆ ಬೇರೆ ಜಗಳ. ಒಬ್ಬ ತಪ್ಪದೆ ಫೇರ್‌ವೇಯಲ್ಲೇ ಇದ್ದರೆ ಎದುರಾಳಿ ತಾನಾಗಿ ಸಾಹಸಕ್ಕೆ ಕೈ ಹಾಕಿ ಕೆಡುತ್ತಾನೆ. 1991ರಲ್ಲಿ ಕಿಯಾವಾದಲ್ಲಿ ನಾಲ್ಕು ಹೋಲ್ ಉಳಿದಿರುವಾಗ ಮಾಂಟಿ ನಾಲ್ಕು ಹಿಂದೆ. ನಾಲ್ಕನ್ನೂ ಗೆದ್ದು ಮಾರ್ಕ್ ಕ್ಯಾಲ್ಕವೆಕಿಯಾ ಜೊತೆ ಸಮ ಮಾಡಿಕೊಂಡ. 1999ರಲ್ಲಿ ಬ್ರೂಕ್‌ಲೈನ್‌ನ ಪ್ರೇಕ್ಷಕರು ಎಷ್ಟು ಹೀನವಾಗಿ ಕಾಡಿದರೆಂದರೆ ಎದುರಾಳಿ ಪೇನ್ ಸ್ಟೂವರ್ಟ್ ಕೊನೆಯ ಹೋಲ್ ಬಿಟ್ಟುಕೊಟ್ಟ. 2004ರಲ್ಲಿ ಕಪ್ ಗೆಲ್ಲಿಸಿದ ಪಟ್ ಮಾಂಟಿಯದೇ, 2010ರಲ್ಲಿ ಗೆದ್ದ ತಂಡದ ಕ್ಯಾಪ್ಟನ್ನೂ ಅವನೇ.

‘ಮೇಜರ್‌ಗಳಲ್ಲಿ ಐದು ಸಲ ಎರಡನೇ ಸ್ಥಾನ, ಅದು ಎದೆಗಾರಿಕೆ ಸಾಲದ್ದಲ್ಲವೇ?’ ಅನ್ನುತ್ತಾರೆ. 1995ರ ಪಿಜಿಎ ಮೇಜರ್‌ನಲ್ಲಿ ಕೊನೆಯ ಮೂರು ಹೋಲ್‌ಗೂ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಹೊಡೆದು, ಸಮವಾದಾಗ ಆಡುವ ಪ್ಲೇಆಫ್‌ಗೆ ಹೋದವನ ಬಗ್ಗೆ ಈ ಮಾತೇ? ಸ್ಟೀವ್ ಎಲ್ಕಿಂಗ್ಟನ್ ಮೊದಲ ಹೋಲ್‌ನಲ್ಲೇ ದೂರದ ಪಟ್ ಹಾಕಿ ಗೆದ್ದ, ಅಷ್ಟೇ. 2005ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಮುಂದಿದ್ದವನು ಟೈಗರ್ ವುಡ್ಸ್.

ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಹುಟ್ಟಿದ ಈ ಮನುಷ್ಯ ಮುಂಗೋಪಿ, ನಿಜ. ಬೇಸರ, ಸಂತೋಷ ಎರಡೂ ಮುಖದ ಮೇಲೇ ಕಾಣುತ್ತಿತ್ತು. ಜನ ಹಚ್ಚಿಕೊಂಡದ್ದು ಅದಕ್ಕೇ. ಐವತ್ತು ದಾಟಿದ ಮೇಲೆ, 2014ರಲ್ಲಿ, ತನ್ನನ್ನು ಅಷ್ಟು ಹಂಗಿಸಿದ ಅಮೆರಿಕದಲ್ಲೇ ಸೀನಿಯರ್ ಪಿಜಿಎ ಗೆದ್ದ. ಅದೇ ವರ್ಷ ಯುಎಸ್ ಸೀನಿಯರ್ ಓಪನ್ ಕೂಡ, ಅದೂ ಪ್ಲೇಆಫ್‌ನಲ್ಲಿ.