ರಾತ್ರಿ ಮೂರು ಗಂಟೆಗೆ ಓದುವ ಮೆಸೇಜಲ್ಲ ಅದು

ನಿದ್ದೆಗೆಟ್ಟವರ ಮೆದುಳು ತನ್ನನ್ನೇ ತಾನು ತಿನ್ನುತ್ತದಂತೆ. ಈ ಫಾರ್ವರ್ಡ್ ಈ ತಿಂಗಳಲ್ಲೇ ನನಗೆ ಮೂರನೇ ಸಲ ಬಂತು. ಕಳಿಸಿದವರು ಒಳ್ಳೆಯವರೇ, ಕಾಳಜಿಯಿಂದಲೇ ಕಳಿಸಿದ್ದಾರೆ. ನಾನು ಅದನ್ನು ಓದಿದ್ದು ಮಾತ್ರ ರಾತ್ರಿ ಮೂರಕ್ಕೆ. ಆಮೇಲೆ ಎಲ್ಲಿಯ ನಿದ್ದೆ ಹೇಳಿ!

ಏಳು ವರ್ಷದಿಂದ ಈ ನಿದ್ದೆ ಬಾರದ ಕಾಯಿಲೆಯ ಜೊತೆ ಏಗುತ್ತಿದ್ದೇನೆ, ಹಾಗಾಗಿ ಸ್ವಲ್ಪ ಮಾತಾಡುತ್ತೇನೆ. ಆ ಮೆಸೇಜಿನ ಮೂಲ 2017ರ ಒಂದು ಅಧ್ಯಯನ, ಅದೂ ಇಲಿಗಳದ್ದು. ಮಲಗಲು ಬಿಡದೆ ಎಚ್ಚರ ಇಟ್ಟ ಇಲಿಗಳ ಮೆದುಳಿನಲ್ಲಿ, ಕಸ ಗುಡಿಸುವ ಕೆಲವು ಕೋಶಗಳು ನರಕೋಶಗಳ ಕೊಂಡಿಯ ಚೂರುಗಳನ್ನು ಜಾಸ್ತಿ ನುಂಗಿದ್ದವು. ಸರಿ. ಆದರೆ ಪಾಪ, ಆ ಇಲಿಗಳಿಗೆ ನಿದ್ದೆ ಬರುತ್ತಿತ್ತು, ಬಿಡಲಿಲ್ಲ ಅಷ್ಟೇ. ನಮ್ಮದು ಉಲ್ಟಾ. ಹಾಸಿಗೆ ಇದೆ, ಕತ್ತಲೆ ಇದೆ, ಬೇಕಾದಷ್ಟು ಸಮಯ ಇದೆ, ನಿದ್ದೆ ಒಂದೇ ಇಲ್ಲ. ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ, 3 ತಿಂಗಳು ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ.

ಮಧ್ಯಾಹ್ನ ಒಂದು ಗಂಟೆ ಮಲಗಿಬಿಡು ಅಂತ ಎಷ್ಟು ಜನ ಹೇಳಿಲ್ಲ! ಕಣ್ಣು ಉರಿಯುತ್ತದೆ, ಮೈ ಕೈ ಸೋತಿರುತ್ತದೆ, ಆದರೂ ಮಧ್ಯಾಹ್ನವೂ ಬರುವುದಿಲ್ಲ. 2004ರಲ್ಲಿ ಇಂಥವರ ಮೆದುಳನ್ನು ಪೆಟ್ ಸ್ಕ್ಯಾನಿನಲ್ಲಿ (ಮೆದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್) ನೋಡಿದಾಗ, ನಿದ್ದೆಯಲ್ಲಿದ್ದಾಗಲೂ ಅದು ಬೇರೆಯವರಿಗಿಂತ ಜಾಸ್ತಿ ಗ್ಲೂಕೋಸ್ ಉರಿಸುತ್ತಿತ್ತು. ಎಚ್ಚರ ಕಾಯುವ ಭಾಗಗಳು ತಣ್ಣಗಾಗಬೇಕಾದಷ್ಟು ಆಗಿರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೂ ಯಾರೋ ಮೋಟರ್ ಆಫ್ ಮಾಡುವುದನ್ನೇ ಮರೆತ ಹಾಗೆ. ನನಗೆ ಸ್ಲೀಪ್ ಸ್ಟಡಿ ಮಾಡಿಸಿದ ದಿನ, ಎರಡು ಗಂಟೆಯೂ ಮಲಗಿಲ್ಲ ಅಂತ ನಾನು ವಾದ ಮಾಡಿದೆ. ತಲೆಗೆ ಅಂಟಿಸಿದ್ದ ವೈರುಗಳು ಐದು ಗಂಟೆ ಅಂದವು. ಟೆಕ್ನಿಷಿಯನ್ ಕೂದಲಿಗೆ ಮೆತ್ತಿದ ಅಂಟು ಒರೆಸುತ್ತಾ ಸುಮ್ನೆ ನಕ್ಕರು. ಇದೂ ಈ ಕಾಯಿಲೆಯ ಒಂದು ಮುಖವೇ ಅಂತೆ, ನಾನು ಸುಳ್ಳು ಹೇಳಿದ್ದಲ್ಲ.

ನನಗೆ ತುಂಬಾ ತಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2019ರಲ್ಲಿ ಮಾಡಿದ ಕೆಲಸ. ಜನರಿಗೆ ಅವರವರ ಹಳೆಯ ಅವಮಾನದ ಘಟನೆಗಳನ್ನು ನೆನಪಿಸಿ ಮೆದುಳನ್ನು ನೋಡಿದರು. ಚೆನ್ನಾಗಿ ಮಲಗುವವರಲ್ಲಿ ಹಳೆಯದು ತಣ್ಣಗಾಗಿತ್ತು. ನಿದ್ದೆ ಬಾರದವರಲ್ಲಿ ಹಳೆಯದೂ ಹೊಸದರ ಹಾಗೇ ಕೆರಳಿತು. ಹನ್ನೊಂದು ವರ್ಷದ ಹಿಂದೆ ತುಂಬಿದ ಮೀಟಿಂಗಿನಲ್ಲಿ ಹಿರಿಯರೊಬ್ಬರನ್ನು ಅವರಿಗೆ ಆಗದವರ ಹೆಸರಿನಿಂದ ಕರೆದಿದ್ದೆ, ಅವರು ಯಾವತ್ತೋ ಮರೆತಿರಬೇಕು, ನನಗೆ ಮಾತ್ರ ಈಗಲೂ ಮೂರು ಗಂಟೆಗೆ ಕಿವಿ ಬಿಸಿಯಾಗುತ್ತದೆ. ನನ್ನ ಸ್ವಭಾವವೇ ಹೀಗೆ ಅಂದುಕೊಂಡಿದ್ದೆ.

ಮೆದುಳು ಕುಗ್ಗುವ ವಿಷಯ ಬಂದರೆ, 2007ರಲ್ಲಿ ಬೆರಳೆಣಿಕೆಯ ರೋಗಿಗಳಲ್ಲಿ ನೆನಪಿನ ಭಾಗವಾದ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿ ಕಂಡಿತ್ತು. ಆಮೇಲೆ ಇನ್ನೂ ದೊಡ್ಡ ಗುಂಪುಗಳಲ್ಲಿ ಹುಡುಕಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಈ ಎರಡನೇ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ಹಾಗಂತ ಎಲ್ಲ ಸುಳ್ಳು ಅನ್ನುತ್ತಿಲ್ಲ. 2025ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸರಾಸರಿ 70 ವಯಸ್ಸಿನ 2,750 ಜನರನ್ನು ಐದೂವರೆ ವರ್ಷ ಗಮನಿಸಿದ್ದರು. ನಿದ್ದೆ ಬಾರದವರಲ್ಲಿ ನೂರಕ್ಕೆ 14 ಜನರಿಗೆ ಮರೆವಿನ ತೊಂದರೆ ಶುರುವಾಯಿತು, ಉಳಿದವರಲ್ಲಿ ನೂರಕ್ಕೆ 10. ವ್ಯತ್ಯಾಸ ಇದೆ. ಆದರೆ ನಿದ್ದೆ ಕೆಟ್ಟು ಮೆದುಳು ಕೆಟ್ಟಿತೋ, ಮೆದುಳು ಮೊದಲೇ ಕೆಡುತ್ತಿದ್ದು ನಿದ್ದೆ ಹಾರಿತೋ ಅನ್ನುವುದು ಈ ಲೆಕ್ಕದಿಂದ ಗೊತ್ತಾಗುವುದಿಲ್ಲ. ಈ ನಾಲ್ಕರ ವ್ಯತ್ಯಾಸವೇ ಫೋನಿಗೆ ಬರುವಷ್ಟರಲ್ಲಿ "ನಿಮಗೆ ಮರೆವು ಗ್ಯಾರಂಟಿ" ಆಗಿರುತ್ತದೆ. ಮೊದಲೇ ಕಾವಲು ಇಳಿಸದ ಮೆದುಳಿಗೆ ಎಚ್ಚರ ಇರಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ನನಗೆ ಕೆಲಸ ಮಾಡಿದ್ದು ಸಿಬಿಟಿ-ಐ, ಅಂದರೆ ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆ. ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲೇ ಹೇಳಿದೆ. ಹಾಸಿಗೆಯಲ್ಲಿ ಜಾಸ್ತಿ ಹೊತ್ತು ಬಿದ್ದಿರಬೇಡಿ, ಕಡಿಮೆ ಮಾಡಿ ಅನ್ನುತ್ತಾರೆ! ನನಗೆ ಹೇಳಿದ್ದು, ರಾತ್ರಿ ಒಂದಕ್ಕೆ ಮಲಗಿ ಆರಕ್ಕೆ ಏಳಬೇಕು, ನಿದ್ದೆ ಬರದಿದ್ದರೆ ಎದ್ದು ಹೋಗಿ ಕುರ್ಚಿಯಲ್ಲಿ ಕೂರಬೇಕು. ಮೊದಲ ಎರಡು ವಾರ ಆ ಥೆರಪಿಸ್ಟಿಗೆ ಮನಸ್ಸಿನಲ್ಲೇ ಬೈದಿದ್ದಕ್ಕೆ ಲೆಕ್ಕವಿಲ್ಲ. (ಗಾಡಿ ಓಡಿಸುವವರು, ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.) ಮೂರನೇ ವಾರ ಒಂದು ರಾತ್ರಿ ಕುರ್ಚಿಯಲ್ಲೇ ತೂಕಡಿಸಿದೆ.

ಈಗಲೂ ವಾರಕ್ಕೆ ಒಂದೆರಡು ರಾತ್ರಿ ಕೈಕೊಡುತ್ತದೆ. ಗಡಿಯಾರವನ್ನು ಗೋಡೆಯಿಂದ ಇಳಿಸಿಯಾಗಿದೆ. ಮೊನ್ನೆಯ ಆ ಮೆಸೇಜ್ ಆದ ಮೇಲೆ ಫೋನ್ ಕೂಡ ಹೊರಗಿನ ಕೋಣೆಗೆ ಹೋಗಿದೆ.