ಆ್ಯಪ್‌ನಲ್ಲಿ ಇಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ

ನಿನ್ನೆ ರಾತ್ರಿಯಿಂದ ಒಂದೇ ಮಾತು ತಲೆ ಕೊರೆಯುತ್ತಿದೆ. ಬರೆದು ಹಾಕಿಬಿಡುತ್ತೇನೆ.

ಅಕ್ಕನ ಮಗ ಊಟಕ್ಕೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ, ಹಿಪ್ ಹಾಪ್ ಅಂದರೆ ಪ್ರಾಣ. ಅವನೂ ಗೆಳೆಯರೂ ಸೇರಿ ಎಲ್ಲರೂ ಕೇಳಲೇಬೇಕಾದ ಇಪ್ಪತ್ತೈದು ರ್‍ಯಾಪ್ ಆಲ್ಬಮ್‌ಗಳ ಪಟ್ಟಿ ಮಾಡಿದ್ದಾರೆ. ನಾಸ್‌ನ ‘ಇಲ್ಮ್ಯಾಟಿಕ್’ ಇದೆ. ಲಾರಿನ್ ಹಿಲ್ ಇದ್ದಾಳೆ. ಕೆಂಡ್ರಿಕ್ ಲಮಾರ್‌ದು ಮೂರು. ಒಳ್ಳೆಯ ಪಟ್ಟಿ, ನೋಡಿ ಖುಷಿಯಾಯ್ತು. ‘ಲಿಲ್ ವೇಯ್ನ್‌ದು ಡ ಡ್ರಾಟ್ 3 ಎಲ್ಲೋ?’ ಅಂದೆ. ಅದು ಮಿಕ್ಸ್‌ಟೇಪ್, ಅಂದರೆ ಹೆಚ್ಚಾಗಿ ಬೇರೆಯವರ ಬೀಟ್ (ಹಾಡಿನ ಹಿಂದಿನ ಸಂಗೀತ) ಮೇಲೆ ತನ್ನ ಸಾಲು ಹಾಡಿ, ಅಂಗಡಿಗೆ ಹಾಕದೆ ಬಿಟ್ಟ ಹಾಡುಗಳ ಕಟ್ಟು. ಫೋನ್ ತೆಗೆದು ಹಾಡು ಕೇಳುವ ಆ್ಯಪ್‌ನಲ್ಲಿ ಹುಡುಕಿದ. ಸಿಗಲಿಲ್ಲ. ‘ಇದರಲ್ಲಿ ಇಲ್ಲ ಮಾಮಾ. ಇಲ್ಲ ಅಂದಮೇಲೆ ಅಷ್ಟು ದೊಡ್ಡದಿರಲ್ಲ ಬಿಡಿ’ ಅಂದ.

ಅವನ ತಪ್ಪಲ್ಲ. ಅವನಿಗೆ ಗೊತ್ತಿರುವುದು ಇಷ್ಟೇ: ಹುಡುಕಿದರೆ ಸಿಗಬೇಕು, ಸಿಗದಿದ್ದರೆ ಅದು ಆಗಿಯೇ ಇಲ್ಲ. ಆದರೆ ನನಗೆ ಹೊಟ್ಟೆ ಉರಿಯಿತು. ಹಿಪ್ ಹಾಪ್ ಬೆಳೆದಿದ್ದೇ ಅಂಗಡಿಯ ಹೊರಗೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಅನ್ನುವ ಡಿಜೆ ತನ್ನ ತಂಗಿಯ ಪಾರ್ಟಿಗೆ ಹಾಡು ಹಾಕಿದ. ಅಲ್ಲಿಂದ ಎಷ್ಟೋ ವರ್ಷ ಈ ಸಂಗೀತ ಓಡಾಡಿದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕ್ಯಾಸೆಟ್‌ಗಳಲ್ಲಿ. ಮಿಕ್ಸ್‌ಟೇಪ್ ಅನ್ನುವ ಹೆಸರೇ ಅಲ್ಲಿಂದ ಬಂತು. 50 ಸೆಂಟ್ ಅನ್ನುವ ರ್‍ಯಾಪರ್‌ನನ್ನೇ ನೋಡಿ. 2000ದಲ್ಲಿ ಒಂಬತ್ತು ಗುಂಡು ತಿಂದ. ರೆಕಾರ್ಡ್ ಕಂಪನಿ ಕೈಬಿಟ್ಟಿತು. ಬೇರೆಯವರ ಬೀಟ್ ಮೇಲೆ ತನ್ನ ಪಲ್ಲವಿ ಕಟ್ಟಿ, ಮಿಕ್ಸ್‌ಟೇಪ್ ಮಾಡಿ ಬೀದಿಗೆ ಬಿಟ್ಟ. ಆ ಟೇಪುಗಳಿಲ್ಲದೆ ಅವನ ಮೊದಲ ಆಲ್ಬಮ್ ಎಲ್ಲಿತ್ತು?

ನನ್ನ ಹಾಸ್ಟೆಲ್ ದಿನಗಳು ನಿಮಗೆಲ್ಲ ಗೊತ್ತೇ ಇದೆ. 2008ರಲ್ಲಿ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕ್‌ನಿಂದ ನನಗೆ ಡ ಡ್ರಾಟ್ 3 ಸಿಕ್ಕಿತು. ಎರಡು ಫೋಲ್ಡರ್, ಹಾಡಿನ ಹೆಸರೆಲ್ಲ ತಪ್ಪು ತಪ್ಪು. ಮೊದಲು ಲೈಟರ್ ಹೊತ್ತಿಸುವ ‘ಟಿಕ್’ ಸದ್ದು ಕೇಳಿಸುತ್ತದೆ. ಆಮೇಲೆ ಅವನ ಒಡಕು ದನಿ. ಬಿಯಾನ್ಸೆಯ ಹಾಡಿನ ಬೀಟ್ ತಗೊಂಡಿದ್ದಾನೆ, ಜೇ ಝೀಯದು ತಗೊಂಡಿದ್ದಾನೆ. ಪ್ರತಿಯೊಂದರಲ್ಲೂ ಇದು ಹುಟ್ಟಿದ್ದೇ ನನಗೋಸ್ಕರ ಅನ್ನುವ ಹಾಗೆ ಹಾಡುತ್ತಾನೆ. ಅವನು ಹಾಳೆಯ ಮೇಲೆ ಬರೆಯುವುದನ್ನು ಬಿಟ್ಟು, ಮೈಕ್ ಮುಂದೆ ನಿಂತು ತಲೆಯಲ್ಲೇ ಕಟ್ಟುತ್ತಿದ್ದ ಕಾಲ ಅದು. ನಾನು ಮಾತ್ರ ನೋಟ್‌ಬುಕ್ ಹಿಡಿದು ಕೂತು, ನಿಲ್ಲಿಸಿ ನಿಲ್ಲಿಸಿ, ಇಂಗ್ಲಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಹಾಡಿಗೆ ಒಂದು ಸಂಜೆ ಹೋಗುತ್ತಿತ್ತು.

ಅದಕ್ಕೂ ಮುಂಚಿನ ಕತೆ ಕೇಳಿ. 2007ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಮಿಕ್ಸ್‌ಟೇಪ್ ಮಾಡುತ್ತಿದ್ದ ಡಿಜೆ ಡ್ರಾಮಾನ ಆಫೀಸಿಗೆ ಪೊಲೀಸರು ನುಗ್ಗಿದರು. ಜೊತೆಗೆ ರೆಕಾರ್ಡ್ ಕಂಪನಿಗಳ ಸಂಘದವರು. 81,000 ಸಿಡಿ ಎತ್ತಿಕೊಂಡು ಹೋದರು, ಡ್ರಾಮಾನನ್ನೂ ಅವನ ಜೊತೆಗಾರ ಡಾನ್ ಕ್ಯಾನನ್‌ನನ್ನೂ ಬಂಧಿಸಿದರು. ಇಂಥ ಡಿಜೆಗಳ ಹಿಂದೆ ಬಿದ್ದು ‘ನಮ್ಮ ಹುಡುಗನ ಹಾಡು ಹಾಕಿ’ ಅಂತ ಕೇಳುತ್ತಿದ್ದದ್ದೂ ಕಂಪನಿಗಳೇ. ಮೂರು ತಿಂಗಳಲ್ಲಿ ವೇಯ್ನ್ ಡ ಡ್ರಾಟ್ 3 ಬಿಟ್ಟ, ಪುಕ್ಕಟೆ. ಮರುವರ್ಷ ಅವನ ಆಲ್ಬಮ್ ‘ಕಾರ್ಟರ್ 3’ ಅಮೆರಿಕದಲ್ಲಿ ಒಂದೇ ವಾರಕ್ಕೆ ಹತ್ತು ಲಕ್ಷ ಪ್ರತಿ ದಾಟಿತು. ಅಷ್ಟು ಜನ ಅಂಗಡಿಗೆ ಹೋಗಿದ್ದು ಪುಕ್ಕಟೆ ಟೇಪ್ ಕೇಳಿ ಹುಚ್ಚರಾಗಿದ್ದಕ್ಕೇ ಅಲ್ವಾ? ಇನ್ನೂ ಒಂದು. 2021ರಲ್ಲಿ ಟೈಲರ್ ದಿ ಕ್ರಿಯೇಟರ್ ಅನ್ನುವ ರ್‍ಯಾಪರ್ ಅದೇ ಡ್ರಾಮಾನನ್ನು ಕರೆಸಿ, ಆಲ್ಬಮ್ ಉದ್ದಕ್ಕೂ ಹಳೆ ಮಿಕ್ಸ್‌ಟೇಪ್ ಥರವೇ ಕೂಗಿಸಿದ. ಅದಕ್ಕೆ ಗ್ರ್ಯಾಮಿ ಬಂತು. ಆ ಆಲ್ಬಮ್ ನಮ್ಮ ಹುಡುಗನ ಪಟ್ಟಿಯಲ್ಲಿದೆ. ಅದು ಯಾವುದನ್ನು ನೋಡಿ ಹುಟ್ಟಿತೋ ಅದು ಮಾತ್ರ ಇಲ್ಲ.

‘ಬೇರೆಯವರ ಬೀಟ್ ತಗೊಂಡರೆ ಅದು ಕದ್ದಂತೆ ಅಲ್ವಾ ಮಾಮಾ’ ಅಂತಲೂ ಕೇಳಿದ. ನಮ್ಮ ಅಜ್ಜಿಯ ಭಜನೆ ನೋಟ್‌ಬುಕ್ ನೆನಪಾಯಿತು. ರಟ್ಟು ಹರಿದು ಸೂಜಿದಾರದಲ್ಲಿ ಹೊಲಿದ ಪುಸ್ತಕ. ಪ್ರತಿ ಪದದ ತಲೆಯ ಮೇಲೆ ‘ಧಾಟಿ’ ಅಂತ ಬರೆದು, ಮುಂದೆ ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು. ಸಿದ್ಧಾರೂಢರ ಪದಕ್ಕೆ ರಾಜ್‌ಕುಮಾರ್ ಹಾಡಿನ ಧಾಟಿ. ಟ್ಯೂನ್ ಯಾರದ್ದು ಅಂತ ಮುಚ್ಚಿಡುತ್ತಿರಲಿಲ್ಲ, ಮೇಲೇ ಬರೆಯುತ್ತಿದ್ದರು. ಶನಿವಾರ ಗುಡಿಯಲ್ಲಿ ಹಾಡುವಾಗ ಅದು ಅಜ್ಜಿಯ ಪದವೇ ಆಗಿರುತ್ತಿತ್ತು. ವೇಯ್ನ್ ಮಾಡಿದ್ದೂ ಅದನ್ನೇ. ಬೀಟ್ ಯಾರದ್ದು ಅಂತ ಕೇಳುವ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅದರ ಮೇಲೆ ಅವನೇನು ಮಾಡಿದ ಅಂತ ಕಿವಿ ನಿಮಿರುತ್ತದೆ.

ಮೂಲ ಸಂಗೀತಗಾರನಿಗೆ ದುಡ್ಡು ಸಿಗಬೇಕು ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಸಿಗಲಿ. ಜಾಸ್ತಿಯೇ ಸಿಗಲಿ. ಆದರೆ ಹಕ್ಕು ಇತ್ಯರ್ಥ ಆಗಿಲ್ಲ ಅಂತ ಹಾಡನ್ನು ಕತ್ತಲೆಯಲ್ಲಿಟ್ಟರೆ ಯಾರಿಗೆ ಏನು ಸಿಕ್ಕಿತು? ಡಿ ಲಾ ಸೋಲ್ ಅನ್ನುವ ಹಿಪ್ ಹಾಪ್ ತಂಡದ ಮೊದಲ ಆಲ್ಬಮ್ ಬಂದಿದ್ದು 1989ರಲ್ಲಿ. ಅದು ಮಿಕ್ಸ್‌ಟೇಪ್ ಕೂಡ ಅಲ್ಲ, ಅಂಗಡಿಯಲ್ಲಿ ಮಾರಿದ ಆಲ್ಬಮ್. ಅದರೊಳಗಿನ ಹಳೆ ಹಾಡಿನ ತುಣುಕುಗಳ ಹಕ್ಕು, ಕಂಪನಿ ಜೊತೆ ಜಗಳ, ಎಲ್ಲ ಮುಗಿದು ಆ್ಯಪ್‌ಗಳಿಗೆ ಬರುವಾಗ 2023ರ ಮಾರ್ಚ್ 3. ತಂಡದ ಟ್ರೂಗಾಯ್ ಫೆಬ್ರವರಿ 12ಕ್ಕೆ ತೀರಿಕೊಂಡಿದ್ದ. ಮೂರು ವಾರ! ಅವತ್ತು ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡು ಅತ್ತಿದ್ದೇನೆ.

ತಡವಾಗಿ ಬಂದ ಮಿಕ್ಸ್‌ಟೇಪ್‌ಗಳೂ ಪೂರ್ತಿ ಬರುವುದಿಲ್ಲ. ಚಾನ್ಸ್ ದ ರ್‍ಯಾಪರ್‌ನ ‘ಆ್ಯಸಿಡ್ ರ್‍ಯಾಪ್’ 2013ರದ್ದು. 2019ರಲ್ಲಿ ಆ್ಯಪ್‌ಗೆ ಬಂದಾಗ ‘ಜ್ಯೂಸ್’ ಹಾಡಿನ ಜಾಗದಲ್ಲಿ ಅರ್ಧ ನಿಮಿಷದ ಮಾತಿತ್ತು. ವೇಯ್ನ್‌ನ ‘ನೋ ಸೀಲಿಂಗ್ಸ್’ 2020ರಲ್ಲಿ ಬಂತು, ಕೆಲವು ಹಾಡು ಇರಲೇ ಇಲ್ಲ. ಹೊಸಬರು ಅದನ್ನೇ ಪೂರ್ತಿ ಅಂದುಕೊಳ್ಳುತ್ತಾರೆ.

ಇದಕ್ಕೆಲ್ಲ ಇಷ್ಟು ಸಂಕಟ ಯಾಕೆ ಅಂದರೆ, ಒಂದು ವಿಷಯ ಇದೆ. ಇಲ್ಲಿ ಯಾವತ್ತೂ ಬರೆದಿಲ್ಲ.

2009ರಲ್ಲಿ ಕೈಯಲ್ಲಿ ಆಫರ್ ಲೆಟರ್ ಇತ್ತು, ಜಾಯ್ನಿಂಗ್ ಡೇಟ್ ಬರಲಿಲ್ಲ. ಹನ್ನೊಂದು ತಿಂಗಳು ಬೆಂಗಳೂರಿನ ಪಿಜಿಯಲ್ಲಿ ಕೂತಿದ್ದೆ. ಕೆಲಸ ಸಿಕ್ಕಿದೆ ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ. ಆಗಲೇ ನಮ್ಮ ಬಾಗಲಕೋಟೆ ಕಡೆ ನೆರೆ ಬಂತು, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಮಲಪ್ರಭಾ ಊರೊಳಗೇ ಬಂದಳು. ದೊಡ್ಡಪ್ಪನ ಮನೆಯ ಹಿಂದಿನ ಗೋಡೆ ಬಿತ್ತು. ಫೋನ್ ಹತ್ತುತ್ತಿರಲಿಲ್ಲ. ಊರಿಗೆ ಕಳಿಸಲು ನನ್ನ ಹತ್ತಿರ ಒಂದು ರೂಪಾಯಿ ಇರಲಿಲ್ಲ. ಆ ರಾತ್ರಿಗಳಲ್ಲಿ ನಾನು ಕೇಳುತ್ತಿದ್ದದ್ದು ವೇಯ್ನ್‌ನ ‘ಡೆಡಿಕೇಶನ್ 2’ರ ಕೊನೆಯಲ್ಲಿ ಬರುವ ‘ಜಾರ್ಜಿಯಾ ಬುಷ್’. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಂದು ವೇಯ್ನ್‌ನ ನ್ಯೂ ಆರ್ಲಿಯನ್ಸ್‌ನ ಮುಕ್ಕಾಲು ಭಾಗಕ್ಕೂ ಜಾಸ್ತಿ ಮುಳುಗಿತು. ಬೇರೆ ರ್‍ಯಾಪರ್‌ಗಳು ಜಾರ್ಜಿಯಾ ರಾಜ್ಯವನ್ನು ಹೊಗಳಿ ಮಾಡಿದ್ದ ಹಾಡಿನ ಬೀಟ್ ತಗೊಂಡು, ಜಾರ್ಜಿಯಾ ಅನ್ನುವ ಆ ಕೂಗಿಗೇ ಬುಷ್ ಅಂತ ಸೇರಿಸಿ ಅಧ್ಯಕ್ಷನ ಕಡೆ ತಿರುಗಿಸಿಬಿಟ್ಟ. ನಮ್ಮ ಜನ ನೀರಲ್ಲಿದ್ದಾಗ ನೀನೆಲ್ಲಿದ್ದೆ ಅಂತ ಕೇಳಿದ. ದನಿ ಏರಿಸುವುದಿಲ್ಲ, ಒಂದೊಂದೇ ಲೆಕ್ಕ ಒಪ್ಪಿಸುತ್ತಾ ಹೋಗುತ್ತಾನೆ. ಅವನು ಮಾಡಿದ್ದರಲ್ಲೆಲ್ಲ ದೊಡ್ಡ ಹಾಡು ಅದೇ ಅಂತ ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಅದು ಇರುವುದು ಆಲ್ಬಮ್‌ನಲ್ಲಲ್ಲ, ಮಿಕ್ಸ್‌ಟೇಪ್‌ನಲ್ಲಿ. ಡಿಜೆ ಡ್ರಾಮಾ ಮಾಡಿದ ಮಿಕ್ಸ್‌ಟೇಪ್‌ನಲ್ಲಿ.

ಅದನ್ನು ‘ಅಷ್ಟು ದೊಡ್ಡದಿರಲ್ಲ’ ಅಂದರೆ ನಾನು ಹೇಗೆ ಸುಮ್ನಿರಲಿ?

ಹುಡುಗ ಹೋದ ಮೇಲೆ ಅಟ್ಟ ಹತ್ತಿ ಹಳೆ ಹಾರ್ಡ್ ಡಿಸ್ಕ್ ಇಳಿಸಿದೆ. ಚುಚ್ಚಿದರೆ ಒಳಗೆ ಟಿಕ್, ಟಿಕ್ ಅನ್ನುತ್ತದೆ, ಆ ಸದ್ದು ಕೇಳಿ ಎದೆ ಧಸಕ್ ಅಂತು. ನಾಲ್ಕನೇ ಸಲಕ್ಕೆ ತೆರೆಯಿತು. ರಾತ್ರಿ ಎರಡು ಗಂಟೆವರೆಗೆ ಕೂತು ಎಲ್ಲ ಕಾಪಿ ಮಾಡಿದೆ. ‘ಡೆಡಿಕೇಶನ್ 2’ ಪೂರ್ತಿ ಇದೆ. ಡ ಡ್ರಾಟ್ 3ರ ಎರಡನೇ ಫೋಲ್ಡರ್‌ನಲ್ಲಿ ಮೂರು ಹಾಡು ತೆರೆಯುತ್ತಿಲ್ಲ, ಒಂದು ಅರ್ಧಕ್ಕೆ ನಿಲ್ಲುತ್ತದೆ. ಹಾಸ್ಟೆಲ್ ಗೆಳೆಯರೇ, ಆಗ ನನ್ನಿಂದ ಡಿವಿಡಿ ಬರೆಸಿಕೊಂಡು ಹೋದವರು ಏಳೆಂಟು ಜನ ಇದ್ದೀರಿ. ನೀಲಿ ಮಾರ್ಕರ್‌ನಲ್ಲಿ ನನ್ನದೇ ಕೈಬರಹ ಇರುತ್ತದೆ. ಮನೆಯ ಹಳೆ ಸಿಡಿ ಪೌಚ್‌ಗಳನ್ನು ಒಂದು ಸಲ ನೋಡಿ. ಸಿಕ್ಕರೆ ಇನ್‌ಬಾಕ್ಸ್ ಮಾಡಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಮುಂದಿನ ಭಾನುವಾರ ಅವನು ಮತ್ತೆ ಊಟಕ್ಕೆ ಬರುತ್ತಾನೆ.