"ಇನ್ನೂ ಮಾತ್ರೆ ತಗೋತಿದ್ದೀರಾ?"

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು 14 ತಿಂಗಳಾಯಿತು. ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಇದೇ. ಏನೋ ಕೆಟ್ಟ ಚಟ ಇನ್ನೂ ಬಿಟ್ಟಿಲ್ಲವಾ ಅನ್ನೋ ಧಾಟಿಯಲ್ಲಿ!

ಅವರನ್ನು ಬೈಯುವ ಹಕ್ಕು ನನಗಿಲ್ಲ. ಆರನೇ ತಿಂಗಳಲ್ಲಿ ನಾನೇ ಮೆಟೊಪ್ರೊಲಾಲ್ ನಿಲ್ಲಿಸಿದ್ದೆ. ಗುಂಡಿಗೆ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಅದು. ಸುಸ್ತು ಜಾಸ್ತಿ, ಕೈಕಾಲು ತಣ್ಣಗೆ. ಎದೆನೋವಂತೂ ಇಲ್ಲ, ಮತ್ಯಾಕೆ ಅಂತ ಯಾರಿಗೂ ಹೇಳದೆ ಬಿಟ್ಟೆ. ಮೂರನೇ ದಿನ ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಹಿಂಡಿದ ಹಾಗಾಯಿತು. ದವಡೆವರೆಗೂ ಬಿಗಿತ, ಗುಂಡಿಗೆ ಡವಡವ. ಅಲ್ಲೇ ಕೂತು ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಟ್ಟೆ. ಮೂರು ನಿಮಿಷಕ್ಕೆ ಬಿಗಿತ ಸಡಿಲಾಯಿತು, ತಲೆ ಸಿಡಿಯತೊಡಗಿತು. ತಲೆನೋವು ಬಂದಿದ್ದಕ್ಕೆ ಖುಷಿಪಟ್ಟಿದ್ದು ಅದೊಂದೇ ಸಲ.

ಈ ತಲೆನೋವಿಗೂ ಒಂದು ಕಥೆ ಇದೆ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ ಬಾಟಲಿಯ ಬಿರಡೆಗೆ ನಾಲಿಗೆ ತಾಗಿಸಿ ಇದೇ ತಲೆನೋವು ಬರಿಸಿಕೊಂಡಿದ್ದ. ಅದು ಆಂಜೈನಾಕ್ಕೆ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೆ, ಮದ್ದು ಅಂತ 1879ರಲ್ಲಿ ಬರೆದವನೂ ಅವನೇ. ಸಾರ್ಬಿಟ್ರೇಟ್ ಅದೇ ಜಾತಿಯದು. ರಕ್ತನಾಳ ಹಿಗ್ಗಿಸುತ್ತದೆ, ತಲೆಯವನ್ನೂ ಸೇರಿಸಿ. ಬಿಪಿ ಇಳಿಯುತ್ತದೆ, ಅದಕ್ಕೇ ಕೂತುಕೊಂಡೇ ಇಟ್ಟುಕೊಳ್ಳಬೇಕು. 5 ನಿಮಿಷಕ್ಕೂ ನೋವು ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆಯಬೇಕು.

ಅವತ್ತೇ ಡಾಕ್ಟರ ಹತ್ತಿರ ಓಡಿದೆ. ಬೀಟಾ ಬ್ಲಾಕರ್ ಇದ್ದಷ್ಟು ದಿನ ಹೃದಯ ಅಡ್ರಿನಾಲಿನ್‌ಗಾಗಿ ಇನ್ನಷ್ಟು ಕಿವಿ ಚುರುಕು ಮಾಡಿಕೊಂಡಿರುತ್ತದಂತೆ. ತಟ್ಟನೆ ನಿಲ್ಲಿಸಿದರೆ ಪಿಸುಮಾತೂ ಕಿರುಚಾಟದ ಹಾಗೆ ಕೇಳುತ್ತದೆ. ಡೋಸ್ ಅರ್ಧಕ್ಕೆ ಇಳಿಸಿದರು, ಸುಸ್ತೂ ಇಳಿಯಿತು. ಮೊದಲೇ ಒಂದು ಫೋನ್ ಮಾಡಿದ್ದರೆ ಮುಗೀತಿತ್ತು.

ಆದರೆ ತಪ್ಪೆಲ್ಲ ನನ್ನದೇ ಅಂತ ಒಪ್ಪಲಾರೆ. ಡಿಸ್ಚಾರ್ಜ್ ದಿನ ಸ್ಟೆಂಟನ್ನು ಸ್ಕ್ರೀನ್ ಮೇಲೆ ಇಪ್ಪತ್ತು ನಿಮಿಷ ತೋರಿಸಿದರು. ಮಾತ್ರೆಗಳ ಬಗ್ಗೆ? "ಬೆಳಿಗ್ಗೆ ನಾಲ್ಕು, ರಾತ್ರಿ ಎರಡು," ಅಷ್ಟೇ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕೊಡುವ ಟಿಕಾಗ್ರೆಲಾರ್ ಸಾಮಾನ್ಯವಾಗಿ ಒಂದು ವರ್ಷ ಬೇಕು, ನಾವಾಗೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಕೊಲೆಸ್ಟ್ರಾಲ್ ನಾರ್ಮಲ್ ಬಂತು ಅಂತ ಸ್ಟ್ಯಾಟಿನ್ ಬಿಟ್ಟ ಗೆಳೆಯನೊಬ್ಬನಿದ್ದಾನೆ. ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ ಅಲ್ವಾ ಮಾರಾಯ?

ಮುಂದಿನ ಭೇಟಿಗೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಕೊನೆಯದನ್ನು ಕೇಳಲು ಹೆಂಡತಿ ಆಚೆ ಹೋಗಲಿ ಅಂತ ಕಾದೆ. ವಯಾಗ್ರ? "ಸಾರ್ಬಿಟ್ರೇಟ್ ಜೊತೆ ಬೇಡವೇ ಬೇಡ, ಬಿಪಿ ಪಾತಾಳಕ್ಕೆ ಹೋಗುತ್ತೆ," ಅಂದರು ಡಾಕ್ಟರ್. ಆಮೇಲೆ ನಕ್ಕು, "ಎಲ್ಲರೂ ಚೀಟಿ ತರ್ತಾರೆ, ಈ ಪ್ರಶ್ನೆ ಮಾತ್ರ ಬರೆದಿರಲ್ಲ," ಅಂದರು. ನನ್ನ ಚೀಟಿಯಲ್ಲೂ ಇರಲಿಲ್ಲ.